ತಿಮ್ಮರಾಯಪ್ಪ ಹಾಕಿದ ದಾರಿ

“ಚಟ್ಟ ಎಡಕ್ಕೆ ತಿರುಗಿಸ್ರಪ್ಪಾ,” ಎಂದಳು ಮುನಿಗಂಗಮ್ಮ.

ಹೊತ್ತವರು ತಡವರಿಸಿದರು. ನಾಲ್ಕು ವರ್ಷದಿಂದ ಊರಿನ ಹೆಣಗಳೆಲ್ಲ ಬಲಕ್ಕೆ ತಿರುಗಿ, ಕೆರೆ ಬಳಸಿಕೊಂಡೇ ಸ್ಮಶಾನಕ್ಕೆ ಹೋಗುತ್ತಿದ್ದವು. ಎಡಕ್ಕಿದ್ದದ್ದು ಮುರುಗೇಶನ ರೆಸಾರ್ಟಿನ ಗೇಟು.

“ಅಕ್ಕಾ, ಇವತ್ತು ಜಗಳ ಬ್ಯಾಡ. ದೊಡ್ಡಪ್ಪನ್ನ ನೆಮ್ಮದಿಯಾಗಿ ಕಳಿಸ್ಬುಡಾನ,” ಎಂದ, ಮುಂದೆ ಹೆಗಲು ಕೊಟ್ಟಿದ್ದ ಚಿಕ್ಕಪ್ಪನ ಮಗ ಮುನಿರಾಜ್.

“ನಮ್ಮಪ್ಪ ಹಾಕಿದ ದಾರಿ ಕಣ್ಲಾ. ನಡಿ.”

*

ರಾಯಕೋಟೆ ಬೆಟ್ಟ ನೋಡಲು ಬರುವವರಿಗೆಂದು ರೆಸಾರ್ಟು ಕಟ್ಟಿದಾಗ, ತೋಟ ರೂಪಿಸಲು ಮುರುಗೇಶ್ ಕರೆಸಿದ್ದು ತಿಮ್ಮರಾಯಪ್ಪನನ್ನು. ಕಲ್ಲು ಹಾಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಸ್ಮಶಾನಕ್ಕೆ ಹೋಗುವ ಊರಿನ ಹಳೇ ಬಂಡಿದಾರಿಯನ್ನೇ ಅವನು ತೋಟದ ನಡುವೆ ಹಾಯಿಸಿದ. ಬಾವಿಯ ಬಳಿ ತಿರುಗಿಸಿ, ಹುಣಸೆಮರದಡಿ ಕಟ್ಟೆ ಕಟ್ಟಿದ.

“ಬಂದೋರು ಇಲ್ಲಿ ಕುಂತ್ಕೋಬೇಕು, ನಮ್ ಹೆಂಗಸ್ರು ನೀರ್ಗೆ ಬರ್ಬೇಕು, ನಾಕು ಮಾತಾಡ್ಬೇಕು. ಇಲ್ದಿದ್ರೆ ಅವ್ರು ನೋಡೋದು ಬರೀ ಬೆಟ್ಟ,” ಅನ್ನುತ್ತಿದ್ದ.

ಕೆಲಸ ಮುಗಿದ ವಾರಕ್ಕೆ ದಾರಿಗೆ ಅಡ್ಡವಾಗಿ ತಂತಿಬೇಲಿ ಎದ್ದಿತು. ಕೇಳಲು ಹೋದವನನ್ನು ಮುರುಗೇಶ್ ಪ್ರವಾಸಿಗಳೆದುರೇ ಕಾವಲುಗಾರನಿಂದ ಹೊರಗೆ ನೂಕಿಸಿದ. ತಿಮ್ಮರಾಯಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಗಳು ಮುನಿಗಂಗಮ್ಮ ಕೃಷ್ಣಗಿರಿಯ ಕಲೆಕ್ಟರ್ ಕಚೇರಿಗೆ ಅಲೆದಲೆದು, ದಾರಿ ಊರಿನದೇ ಎಂಬ ಆದೇಶ ತಂದಳು. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದಿದ್ದ. ಅಪ್ಪ ಹಾಸಿಗೆ ಬಿಟ್ಟೇಳಲಿ, ಅವನ ಕೈಯಿಂದಲೇ ಮುರುಗೇಶನಿಗೆ ಕೊಡಿಸುತ್ತೇನೆಂದು ಯಾರಿಗೂ ತೋರಿಸದೆ ಇಟ್ಟುಕೊಂಡಳು. ಅಪ್ಪ ಏಳಲಿಲ್ಲ.

*

ತಮಟೆ ಕೇಳಿ ಮುರುಗೇಶ್ ಓಡಿಬಂದ. “ಅಮ್ಮಾ, ಗೆಸ್ಟ್ ಎಲ್ಲಾ ಟಿಫನ್ ಮಾಡ್ತಾ ಇದ್ದಾರೆ. ಸಾಯಂಕಾಲ ಬನ್ನಿ, ನಾನೇ ಗೇಟು ತೆಗಿಸ್ತೀನಿ.”

ಮುನಿಗಂಗಮ್ಮ ಆದೇಶವನ್ನು ಅವನ ಕೈಗಿಟ್ಟಳು. ಎರಡು ಸಲ ಓದಿದ. ಗೇಟು ತೆರೆಯಿತು.

ಹುಣಸೆಮರದಡಿ, ಕಟ್ಟೆಗೆ ಒತ್ತಿ ಹಾಕಿದ್ದ ತಿಂಡಿಯ ಮೇಜುಗಳ ಮುಂದೆ, “ಇಳಿಸ್ರಪ್ಪಾ” ಎಂದಳು. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಿಕ್ಕು ಬದಲಿಸುವ ಜಾಗ ಹಿಂದಿನಿಂದಲೂ ಅದೇ. ಪ್ರವಾಸಿಗಳು ಎದ್ದು ನಿಂತರು.

“ಯಾರಮ್ಮ ಇವರು?” ಬೆಂಗಳೂರಿನಿಂದ ಬಂದಿದ್ದ ಒಬ್ಬಾಕೆ ಮೆಲ್ಲಗೆ ಕೇಳಿದಳು.

“ನೀವು ಕುಂತಿದ್ದ ಕಟ್ಟೆ ಕಟ್ಟಿದೋರು. ಈ ಸಾಹೇಬ್ರು ಇವ್ರನ್ನ ಇಲ್ಲಿಂದ್ಲೇ ಆಚೆ ತಳ್ಳಿಸಿದ್ರು. ನಿಮ್ಮಂಥೋರೇ ನೋಡ್ತಾ ಕುಂತಿದ್ರು.”

ಮುರುಗೇಶ್ ದನಿ ತಗ್ಗಿಸಿದ. “ಒಂದು ಹಾರ ಹಾಕ್ತೀನಿ. ಹೊರಟ್ಬಿಡಿ ಅಮ್ಮ.”

“ಮೆಟ್ಟು ಬಿಟ್ಟು ಬನ್ನಿ.”

ಪ್ರವಾಸಿಗಳು ಆಗಲೇ ಚಪ್ಪಲಿ ಬಿಟ್ಟಿದ್ದರು. ಮುರುಗೇಶ್ ಬಗ್ಗಿದ. ಬೂಟಿನ ದಾರ ಗಂಟುಬಿದ್ದಿತ್ತು, ಬೆರಳಿಗೆ ಸಿಗಲಿಲ್ಲ. ಮುನಿಗಂಗಮ್ಮ ತಮಟೆ ನಿಲ್ಲಿಸಲು ಕೈಸನ್ನೆ ಮಾಡಿ, ಅಪ್ಪನ ತಲೆಯ ಬಳಿ ನಿಂತು ಕಾದಳು.

ಗಂಟು ಬಿಚ್ಚಲು ಅವನು ಚಟ್ಟದ ಮುಂದೆಯೇ ಒಂದು ಮಂಡಿ ಊರಿದ. ಆಮೇಲೆ ಇನ್ನೊಂದನ್ನೂ.