ಎಂಬತ್ತನಾಲ್ಕು ಸಾಲುಗಳ ಪಟ್ಟಿ

ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಎರ್ವಿನ್ ಪಿಸಾರೆಕ್ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸತ್ತ ಅಜ್ಜನ ಕೊರಳನ್ನು ಅಳೆಯುತ್ತಿದ್ದ. ಗೋಡೆಯಿಂದ ಇಳಿಸಿದ ಮೊಟ್ಟೆಯಾಕಾರದ ಫೋಟೊ, ಅದರ ಮೇಲೆ ಭೂತಗನ್ನಡಿ, ಕೈಯಲ್ಲಿ ಉಕ್ಕಿನ ಅಳತೆಪಟ್ಟಿ.

"ಕಡುಬು ಆರಿಹೋಗ್ತಿದೆ ಕಣೋ. ನಮ್ಮಪ್ಪನಿಗೆ ಈಗ ಅಂಗಿ ಹೊಲಿಸ್ತೀಯಾ?" ಎಂದಳು ಸೋದರತ್ತೆ ಹೆಡ್ವಿಗ್.

"ಕಾಲರಿನ ಅಂಚು ಕಾಣ್ತಿದೆ ಅತ್ತೆ. ನಾಲ್ಕು ಮಿಲಿಮೀಟರು. ಅಜ್ಜಿ ಕತ್ತರಿ ಇಷ್ಟು ಬಿಟ್ಟಿದೆ."

ಸಿಲೇಸಿಯಾದ ನಮ್ಮ ಗಣಿಬೀದಿಯಲ್ಲಿ ಇಂಥ ಕತ್ತರಿಸಿದ ಫೋಟೊ ಇಲ್ಲದ ಮನೆ ಕಡಿಮೆ. ಯುದ್ಧದಲ್ಲಿ ಜರ್ಮನ್ನರು ಇಲ್ಲಿನ ಗಂಡಸರನ್ನು ತಮ್ಮ ಸೈನ್ಯಕ್ಕೆ ಎಳೆದೊಯ್ದರು. ಯುದ್ಧ ಮುಗಿದದ್ದೇ ಆ ಸಮವಸ್ತ್ರ ಅಪರಾಧವಾಯಿತು. ಹೆಂಗಸರು ಫೋಟೊಗಳಿಂದ ಸಮವಸ್ತ್ರವನ್ನು ಕತ್ತರಿಸಿ ಒಲೆಗೆ ಹಾಕಿ, ಮುಖವನ್ನಷ್ಟೇ ಉಳಿಸಿಕೊಂಡರು. ಆದರೆ ಹೆಡ್ವಿಗ್‌ಳ ಅಪ್ಪ ಅಲೊಯ್ಸ್ ಪಿಸಾರೆಕನ ಮುಖಕ್ಕೂ ಕಳಂಕವಿತ್ತು. ೧೯೪೪ರ ಏಪ್ರಿಲ್‌ನಲ್ಲಿ, ಇಟಲಿಯಲ್ಲಿ ಕಾಣೆಯಾದನೆಂದು ಮನೆಗೆ ಕಾಗದ ಬಂತು. ಯುದ್ಧ ಮುಗಿಸಿ ಮರಳಿದ ನೆರೆಮನೆಯವನೊಬ್ಬ, ಆ ಜೂನ್‌ನಲ್ಲಿ ಅವನನ್ನು ಇಟಲಿಯ ಪೇಟೆಯೊಂದರಲ್ಲಿ ಕಂಡೆ, ಬೇರೆ ಹೆಸರು ಕೂಗಿದರೆ ತಿರುಗಿ ನೋಡುತ್ತಿದ್ದ ಎಂದ. ಬೀದಿಗೆ ಅಷ್ಟು ಸಾಕಾಯಿತು. "ಹೆಡ್ವಿಗ್, ನಿಮ್ಮಪ್ಪ ಮ್ಯಾಕರೋನಿ ತಿಂದು ದಪ್ಪ ಆಗಿದಾನಂತೆ! ಚಿಕ್ಕಮ್ಮ ಚೆನ್ನಾಗಿದಾಳಂತಾ?" ಎಂದು ಶಾಲೆಯ ಮಕ್ಕಳು ಕೇಳುತ್ತಿದ್ದರು. ಅಪ್ಪ ತನ್ನನ್ನು ಬಿಟ್ಟುಹೋದನೇ ಎಂಬ ಒಂದೇ ಪ್ರಶ್ನೆಯನ್ನು ಹೊತ್ತು ಆ ಹುಡುಗಿ ಮುದುಕಿಯಾದಳು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡ ಎರ್ವಿನ್, ಗಣಿಯ ಅಳತೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಎರಡು ತುದಿಯಿಂದ ಕೊರೆದ ಸುರಂಗಗಳು ನೆಲದಡಿಯ ಕತ್ತಲಲ್ಲಿ ಒಂದನ್ನೊಂದು ಮುಟ್ಟುವಂತೆ ಮಾಡುವುದು ಅವನ ಕೆಲಸವಾಗಿತ್ತು. ನಿವೃತ್ತನಾದ ಮೇಲೂ ಅದೇ ಕಂದು ಕೋಟು, ಎಡಜೇಬಿನಲ್ಲಿ ಚೂಪಾದ ಮೂರು ಪೆನ್ಸಿಲ್, ಒಂದೊಂದೂ ಮುಕ್ಕಾಲು ಮೀಟರಿನ ಹೆಜ್ಜೆ. 'ಸುಮಾರು' ಎಂಬ ಪದ ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಒಂದು ಶವಸಂಸ್ಕಾರದಲ್ಲಿ ಪಾದ್ರಿಗಳು "ಸುಮಾರು ಎಂಬತ್ತು ವರ್ಷ ತುಂಬುಜೀವನ ನಡೆಸಿದ ನಮ್ಮ ಸೋದರ" ಎನ್ನುತ್ತಿದ್ದಂತೆ, ಮೂರನೆಯ ಸಾಲಿನಿಂದ ಮೆಲ್ಲನೆ, ಯಾರನ್ನೂ ನೋಯಿಸದ ದನಿಯಲ್ಲಿ, "ಎಪ್ಪತ್ತೆಂಟು" ಎಂದು ಕೇಳಿಸಿತು.

ಹುಡುಕಾಟಕ್ಕೆ ಹನ್ನೊಂದು ವರ್ಷ ಹಿಡಿಯಿತು. ಬರ್ಲಿನ್, ವಾರ್ಸಾ, ಲಂಡನ್‌ಗಳ ದಾಖಲೆಮನೆಗಳಿಗೆ ಕಾಗದ ಬರೆದ. ಮೊದಲ ಆರು ವರ್ಷ ಪಿಸಾರೆಕ್ ಎಂಬ ಹೆಸರನ್ನೇ ಹುಡುಕಿ ಸೋತ. ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಹೆಸರನ್ನು ಬದಿಗಿಟ್ಟು, ಹುಟ್ಟಿದ ದಿನವನ್ನೂ ಊರನ್ನೂ ಹಿಡಿದು ಹೊರಟ. ಆಗ ಸಿಕ್ಕವನು ಯಾನ್ ಶ್ಲೋಸಾರ್: ಇಟಲಿಯಲ್ಲಿ ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಪೋಲಿಷ್ ಸೈನ್ಯದ ಸಿಪಾಯಿ, ಗಣಿ ಕೆಲಸಗಾರ, ಹುಟ್ಟಿದ್ದು ಅದೇ ದಿನ, ಅದೇ ಊರಿನಲ್ಲಿ. ಶ್ಲೋಸಾರ್ ಎಂಬುದು ಅಜ್ಜಿಯ ತವರಿನ ಹೆಸರು. ಏಪ್ರಿಲ್ ಇಪ್ಪತ್ತೈದರಂದು ಜರ್ಮನ್ ಸೈನ್ಯ ಬಿಟ್ಟು ಯುದ್ಧದ ಗೆರೆ ದಾಟಿ ಬಂದವನು, ಜುಲೈ ಹದಿನೇಳರಂದು ಗುಂಡು ತಗುಲಿ ಸತ್ತಿದ್ದ. ಸ್ವಂತ ಹೆಸರಿನಲ್ಲಿ ದಾಟಿದ್ದರೆ ಜರ್ಮನ್ನರು ಹೆಂಡತಿ ಮಕ್ಕಳನ್ನು ಸೆರೆಗೆ ದೂಡುತ್ತಿದ್ದರು.

ಎರ್ವಿನ್ ಆ ದಿನಗಳನ್ನು ದಿನಕ್ಕೊಂದರಂತೆ ಎಂಬತ್ತನಾಲ್ಕು ಸಾಲಾಗಿ ಬರೆದು, ಎದುರಿಗೆ ದಾಖಲೆಯ ಸಂಖ್ಯೆ ನಮೂದಿಸಿ, ಆ ಭಾನುವಾರ ಎಂಬತ್ತೈದು ವರ್ಷದ ಅತ್ತೆಯ ಮುಂದೆ ಮೇಜಿನ ಮೇಲಿಟ್ಟ. ಅವಳು ಬೆರಳಿಟ್ಟು ಓದುತ್ತ ಹೋದಳು: ಶಿಬಿರ, ತಾಲೀಮು, ಕಾವಲು, ಜ್ವರ, ಮತ್ತೆ ಕಾವಲು. ಬೆರಳು ಒಂದೆಡೆ ನಿಂತಿತು.

"ಇದ್ಯಾಕೋ ಖಾಲಿ?"

"ಜೂನ್ ಹದಿನೆಂಟು, ಭಾನುವಾರ. ಎಲ್ಲಿದ್ದ ಅನ್ನೋದಕ್ಕೆ ಕಾಗದ ಸಿಕ್ಕಿಲ್ಲ."

"ಚರ್ಚಿಗೆ ಹೋಗಿದ್ದ ಅಂತ ಬರಿ ಮಾರಾಯ. ಯಾರು ಕೇಳ್ತಾರೆ?"

"ನೀವೇ ಕೇಳ್ತೀರಿ ಅತ್ತೆ. ಈ ಸಾಲು ನಾನೇ ಕಟ್ಟಿದ್ದು ಅಂತ ಗೊತ್ತಿದ್ರೆ, ಉಳಿದ ಸಾಲು ನಂಬ್ತೀರಾ?"

ಅತ್ತೆ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಭುಜ ಕುಲುಕುವಂತೆ ನಕ್ಕಳು. "ಹೋಗ್ಲಿ ಬಿಡು. ಆ ಒಂದು ದಿನ ಇಟಲಿಯವಳ ಜೊತೆ ಕುಣಿದಿರ್ಲಿ ನಮ್ಮಪ್ಪ, ಪಾಪ." ಎದ್ದು ಹೋಗಿ ಫೋಟೊವನ್ನು ಮೊಳೆಗೆ ತೂಗುಹಾಕಿ, ಏಪ್ರನ್ನಿನ ತುದಿಯಿಂದ ಗಾಜು ಒರೆಸಿದಳು.

ಅಳೆಯುವ ಜನ ಒಣ ಮನಸ್ಸಿನವರೆಂದು ಅನೇಕರು ತಿಳಿದಿದ್ದಾರೆ. ಅಪ್ಪಂದಿರ ಬಗ್ಗೆ ಒಳ್ಳೆಯ ಕತೆ ಹೇಳಿ ಸಂತೈಸುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದರು; ಹೆಡ್ವಿಗ್ ಅವರಲ್ಲಿ ಒಬ್ಬರನ್ನೂ ನಂಬಿರಲಿಲ್ಲ. ತಿಳಿಯದ ಜಾಗವನ್ನು ಖಾಲಿ ಬಿಡುವ ಧೈರ್ಯ ಇರುವವರು ತಿಳಿದಿದೆ ಎಂದಾಗ, ಆ ಮಾತಿನ ಮೇಲೆ ಒಬ್ಬ ಮಗಳು ತನ್ನ ಇಡೀ ಬಾಲ್ಯವನ್ನು ಮರಳಿ ಕಟ್ಟಿಕೊಳ್ಳಬಹುದು. ಅಂದು ಬೀದಿಗೆ ಕೇಳಲೆಂದೇ ಕಿಟಕಿ ತೆರೆದು ಅವಳು, "ಎಷ್ಟು ದಿನ ಲೆಕ್ಕ ಸಿಕ್ತು ಅಂದೆ? ಜೋರಾಗಿ ಹೇಳೋ!" ಎಂದಳು. ಎರ್ವಿನ್ ಕೋಟಿನ ಗುಂಡಿ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿ ಹೇಳಿದ: "ಎಂಬತ್ತಮೂರು."