ಪರದೆಗೆ ಬೆನ್ನು ಹಾಕಿ

ಚಳಿ ಬಿಡುತ್ತಾ ಬಂದ ಕಾಲ, ಶುಕ್ರವಾರ, ಬೆಳಗ್ಗೆ ಹತ್ತೂವರೆಯ ಆಟ, ಎಡಗಡೆ ಹಿಂದಿನಿಂದ ಮೂರನೇ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು, ಯಾರೋ ಕಾಲು ಬದಲಿಸಿದ್ದು ಅಷ್ಟೇ, ಎದ್ದದ್ದಲ್ಲ, ಎದ್ದರೆ ಕೂರುವ ಹಲಗೆ ಮೇಲಕ್ಕೆ ಮಡಚಿಕೊಂಡು ಠಪ್ ಅನ್ನುತ್ತದೆ, ಆ ಸದ್ದೇ ಬೇರೆ, ಮೂವತ್ತೆಂಟು ವರ್ಷ ಇದೇ ಟಾಕೀಸಿನ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಆದರೂ ಇದು ಮಗಳ ಸಿನಿಮಾ, ಅವಳೇ ಬರೆದು ಅವಳೇ ತೆಗೆದ ಮೊದಲನೇ ಸಿನಿಮಾ, ಅದರ ಮೊದಲನೇ ಆಟ, ಒಳಗೆ ಬರುವ ಧೈರ್ಯವಿಲ್ಲದೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಅಪ್ಪಾ, ನೀನು ಪರದೆ ನೋಡ್ಬೇಡ, ಯಾವತ್ತಿನ ಹಾಗೆ ಜನರ ಮುಖ ನೋಡು, ಆಮೇಲೆ ಬಂದು ಹೇಳು, ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳ್ಬೇಡ, ಗೊತ್ತಾಯ್ತಾ — ಗೊತ್ತಾಯ್ತಮ್ಮ ಅಂದೆ, ಪರದೆಯ ಪಕ್ಕದ ಬಾಗಿಲಿಗೆ ಒರಗಿ ನಿಂತಿದ್ದೇನೆ, ಪರದೆ ಕಪ್ಪಾದಾಗ ಮುಖಗಳೆಲ್ಲ ಮುಳುಗುತ್ತವೆ, ಬೆಳಕು ಬಂದಾಗ ತೇಲುತ್ತವೆ, ನೂರೆಂಬತ್ತು ತಲೆ ಇರಬಹುದು, ಹಿಂದೆಲ್ಲ ಏಳುನೂರು ಇರುತ್ತಿದ್ದವು, ನನ್ನ ಕೆಲಸ ಮಾತ್ರ ಅದೇ, ಬೇಜಾರು ಬಂದವರು ಮೊದಲು ಕೆಮ್ಮುತ್ತಾರೆ, ಒಬ್ಬ ಕೆಮ್ಮಿದರೆ ಹತ್ತು ಜನಕ್ಕೆ ಗಂಟಲು ಕೆರೆಯುತ್ತದೆ, ಆಮೇಲೆ ಹಲಗೆಗಳು ಠಪ್ ಠಪ್, ಈಗ ಕೆಮ್ಮಿನ ಜಾಗಕ್ಕೆ ಮೊಬೈಲು ಬಂದಿದೆ, ಕತ್ತಲಲ್ಲಿ ಒಂದು ಗಲ್ಲ ನೀಲಿಯಾಯಿತು ಅಂದರೆ ಆ ಮನುಷ್ಯ ಕಥೆಯಿಂದ ಇಳಿದುಹೋದ ಅಂತಲೇ ಲೆಕ್ಕ, ಟಿಕೆಟು ಕೊಡುವವನು ಎಲ್ಲರೆದುರಿಗೆ ನಗಾಡುತ್ತಿದ್ದ, ಈ ಮಹಾನುಭಾವನ್ನ ಕಥೆ ಏನಪ್ಪಾ ಅಂತ ಕೇಳ್ಬೇಡಿ, ಗೊತ್ತಿಲ್ಲ ಅಂತಾನೆ, ಯಾರು ಅತ್ರು ಅಂತ ಕೇಳಿ, ಸೀಟಿನ ನಂಬರೇ ಹೇಳ್ತಾನೆ — ನಿಜವೇ, ಅಳಿಸಬೇಕು ಅಂತ ಹಟ ಹಿಡಿದು ತೆಗೆದ ಜಾಗದಲ್ಲಿ ಜನ ಅಳುವುದಿಲ್ಲ, ಪಿಟೀಲು ಜೋರಾದಷ್ಟೂ ಕೆಮ್ಮೂ ಜೋರಾಗುತ್ತದೆ, ಒಂದು ಸಿನಿಮಾದಲ್ಲಿ ಸತ್ತ ಮಗನ ಚಪ್ಪಲಿಯನ್ನು ತಾಯಿ ಹೊಸ್ತಿಲಿಂದ ಒಳಗಿಟ್ಟು ಬಾಗಿಲು ಹಾಕಿಕೊಂಡಳು, ಮಾತಿಲ್ಲ, ಸಂಗೀತವಿಲ್ಲ, ಏಳುನೂರು ಗಂಟಲು ಒಟ್ಟಿಗೆ ಎಂಜಲು ನುಂಗಿದ್ದು ನನಗೆ ಕೇಳಿಸಿತ್ತು, ಸುಳ್ಳನ್ನು ಜನ ಮೂಗಿನಿಂದಲೇ ಹಿಡಿಯುತ್ತಾರೆ, ಅದಕ್ಕೇ ಇವತ್ತು ನನಗೆ ಭಯ, ಮಧ್ಯಂತರ ಮುಗಿಯಿತು, ಸಿನಿಮಾ ನಮ್ಮ ಮನೆಯದೇ ಕಥೆ, ಇನ್ನು ಅವಳಮ್ಮ ಸಾಯುವ ಜಾಗ ಬರುತ್ತದೆ, ಆ ಜಾಗದಲ್ಲಿ ಒಂದು ಸುಳ್ಳಿದೆ, ಅದು ಅವಳದಲ್ಲ, ನಾನು ಕೊಟ್ಟದ್ದು.

ನಿಮ್ಮಮ್ಮ ನನ್ನ ಕೈ ಹಿಡ್ಕೊಂಡೇ ಹೋದ್ಲು ಕಣಮ್ಮ, ನೋವಿರಲಿಲ್ಲ, ನಿದ್ದೆ ಬಂದ ಹಾಗೆ — ಏಳು ವರ್ಷದವಳಿಗೆ ಹಾಗೆ ಹೇಳಿದ್ದೆ, ಅವಳು ಆಗ ದೊಡ್ಡಮ್ಮನ ಮನೆಯಲ್ಲಿದ್ದಳು, ಮೂವತ್ತು ದಾಟಿದ ಮೇಲೆ ನೋಟ್‌ಪುಸ್ತಕ ಹಿಡಿದು ಎದುರಿಗೆ ಕೂತು ಕೇಳಿದಾಗಲೂ ಅದನ್ನೇ ಹೇಳಿದೆ, ತಲೆ ತಗ್ಗಿಸಿ ಬರೆದುಕೊಂಡಳು, ಹೂಂ ಅಂದಳು, ಇನ್ನೇನಾದ್ರೂ ನೆನಪಿದೆಯಾ ಅಪ್ಪಾ ಅಂದಳು, ಇಲ್ಲ ಅಂದೆ, ಇದೆ, ಎಲ್ಲ ನೆನಪಿದೆ, ಆ ದಿನ ಬೆಳಗ್ಗೆ ಜ್ವರದಲ್ಲಿ ಅವಳಮ್ಮ ಕಣ್ಣು ಬಿಟ್ಟು, ಇವತ್ತೊಂದಿನ ಹೋಗ್ಬೇಡ್ರಿ ಅಂದಿದ್ದು, ಮ್ಯಾಟಿನಿ ಮುಗಿಸಿ ಓಡಿ ಬರ್ತೀನಿ ಅಂತ ನಾನು ಅಂದಿದ್ದು, ಮ್ಯಾಟಿನಿ ಮುಗಿಯಿತು, ಮ್ಯಾನೇಜರೇ ಕರೆದು, ಹೆಂಡ್ತಿಗೆ ಹುಷಾರಿಲ್ಲ ಅಂತಿದ್ದೆ, ಮನೆಗೆ ಹೋಗಯ್ಯ, ಬಾಗಿಲು ನಾನ್ ನೋಡ್ಕೋತೀನಿ ಅಂದರು, ನಾನು ಹೋಗಲಿಲ್ಲ, ಯಾರೂ ತಡೆದಿರಲಿಲ್ಲ, ಆ ವಾರದ ಸಿನಿಮಾದಲ್ಲಿ ಗಂಡನೊಬ್ಬ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಜಾಗವೊಂದಿತ್ತು, ಸಂಜೆಯ ಆಟಕ್ಕೆ ಸಂಸಾರಸ್ಥರು ತುಂಬಿರುತ್ತಿದ್ದರು, ಸಾಲು ಸಾಲಾಗಿ ಅಳುತ್ತಿದ್ದರು, ಆ ಮುಖಗಳನ್ನು ಇನ್ನೊಂದು ಸಲ ನೋಡಬೇಕು ಅಂತ ನಿಂತೆ, ಬರೀ ಅದಕ್ಕೇ ನಿಂತೆ, ಮನೆಗೆ ಬಂದಾಗ ಅವಳು ಹೋಗಿಬಿಟ್ಟಿದ್ದಳು, ಪಕ್ಕದ ಮನೆಯ ದರ್ಜಿಯ ಹೆಂಡತಿ ಮಾರನೇ ದಿನ ಸೆರಗು ಬಾಯಿಗೊತ್ತಿಕೊಂಡು, ಸಂಜೆ ಗೋಡೆ ಕುಟ್ಟಿದ್ದು ಕೇಳಿಸ್ತಣ್ಣ, ಮಗು ಆಡ್ತಿದೆ ಅಂದ್ಕೊಂಡೆ, ಮಗು ಊರಲ್ಲಿಲ್ಲ ಅಂತ ನಂಗೆ ಗೊತ್ತಿರಲಿಲ್ಲ ಅಂದಳು, ಮಂಚದ ಕೆಳಗೆ ಲೋಟ ಬಿದ್ದಿತ್ತು, ಗೋಡೆಯ ಗಾರೆಯಲ್ಲಿ ಲೋಟದ ಅಂಚು ಕಚ್ಚಿದ ಗುರುತು, ಅರ್ಧಚಂದ್ರದ ಹಾಗೆ, ಒಂದರ ಪಕ್ಕ ಒಂದು, ಹನ್ನೊಂದು, ವಾರದೊಳಗೆ ಅದರ ಮೇಲೆ ಸುಣ್ಣ ಬಳಿದುಬಿಟ್ಟೆ.

ಸದ್ದು ನಿಂತಿದೆ, ಪರದೆಯಲ್ಲಿ ಸಂಗೀತ ನಿಂತುಹೋಗಿದೆ, ಬಂತು, ಆ ಜಾಗ ಬಂತು, ಈಗ ಗಂಡನ ಪಾರ್ಟಿನವನು ಅವಳ ಕೈ ಹಿಡಿಯುತ್ತಾನೆ, ಈಗ ಯಾರೋ ಕೆಮ್ಮುತ್ತಾರೆ, ಮಗಳೇ, ನಿನ್ನ ಎರಡು ವರ್ಷದ ದುಡಿಮೆ ನನ್ನಿಂದ ಹಾಳಾಯಿತು, ಮೂರನೇ ಸಾಲಿನ ಕನ್ನಡಕದವನು ಈಗ ಮೊಬೈಲು ತೆಗೆಯುತ್ತಾನೆ ನೋಡು, ತೆಗೆಯಲಿಲ್ಲ, ಯಾರೂ ಕೆಮ್ಮಲಿಲ್ಲ, ಕನ್ನಡಕದವನ ಬಾಯಿ ಸ್ವಲ್ಪ ತೆರೆದಿದೆ, ಅವನ ಪಕ್ಕದ ಹೆಂಗಸು ಚೀಲದ ಹಿಡಿಯನ್ನು ಹಿಂಡುತ್ತಿದ್ದಾಳೆ, ನೂರೆಂಬತ್ತು ಜನ ಉಸಿರು ಹಿಡಿದಿದ್ದಾರೆ, ಇಂಥ ನಿಶ್ಶಬ್ದ ಮೂವತ್ತೆಂಟು ವರ್ಷದಲ್ಲಿ ನಾಲ್ಕೋ ಐದೋ ಸಲ ಸಿಕ್ಕಿರಬಹುದು, ಸುಳ್ಳಿಗೆ ಇದು ಸಿಗುವುದಿಲ್ಲ, ಮತ್ತೆ ಇದು ಏನು, ಆ ನಿಶ್ಶಬ್ದದೊಳಗೆ ಟಕ್ ಅಂತ ಕೇಳಿಸಿತು, ಟಕ್, ಬೆನ್ನ ಹಿಂದೆ, ಪರದೆಯೊಳಗೆ, ಟಕ್, ತಿರುಗಬೇಡ ಅಂದುಕೊಂಡೆ, ತಿರುಗಿದೆ, ಗೋಡೆ, ಗೋಡೆಯಷ್ಟೇ, ಮನೆಯಷ್ಟು ದೊಡ್ಡ ಗೋಡೆ, ಲೋಟ ಹಿಡಿದ ಒಂದು ಕೈ, ಗಾರೆಯಲ್ಲಿ ಅರ್ಧಚಂದ್ರಗಳು — ಹೋದ ವರ್ಷ ಮಗಳು ಮೂರು ದಿನ ದರ್ಜಿಯ ಹೆಂಡತಿಯ ಹತ್ತಿರ ಹೋಗಿದ್ದಳು, ಸಿನಿಮಾಕ್ಕೆ ಹಳೇ ಕಾಲದ ರವಿಕೆ ಹೊಲಿಸೋಕೆ ಅಂದಿದ್ದಳು, ಗೋಡೆ ಕುಟ್ಟಿದ ಸದ್ದಿನ ಮಾತು ಅಲ್ಲಿ ಸಿಕ್ಕಿರಬೇಕು, ಗುರುತುಗಳನ್ನು ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ, ಆ ಗೋಡೆಯ ಪಕ್ಕ ಹಾಸಿಗೆ ಹಾಸಿಕೊಂಡೇ ಬೆಳೆದವಳು, ಸುಣ್ಣದ ಮೇಲೆ ಬೆರಳಾಡಿಸಿದರೆ ತಗ್ಗು ಸಿಗುತ್ತಿತ್ತು, ಎಷ್ಟು ವರ್ಷ ಬೆರಳಾಡಿಸಿದ್ದಾಳೋ, ನೋಟ್‌ಪುಸ್ತಕದಲ್ಲಿ ಅವತ್ತು ಏನು ಬರೆದುಕೊಂಡಳೋ, ಈಗ ಪರದೆಯ ಮೇಲೆ ಒಬ್ಬ ಗಂಡಸು, ಕೈಯಲ್ಲಿ ಟಾರ್ಚು, ಸಿನಿಮಾಕ್ಕೆ ಬೆನ್ನು ಹಾಕಿ ಅಳುವವರನ್ನು ನೋಡುತ್ತಿದ್ದಾನೆ, ಅವನ ಮುಖದಲ್ಲಿ ಒಂದು ಹಸಿವು, ಅದು ನನ್ನ ಮುಖ ಅಂತ ನನಗೇ ಗೊತ್ತಿರಲಿಲ್ಲ, ಅದನ್ನು ಅವಳಿಗೆ ಯಾರು ಹೇಳಿದರು, ಯಾರೂ ಹೇಳಿಲ್ಲ, ಚಿಕ್ಕವಳಿದ್ದಾಗ ಈ ಬಾಗಿಲಲ್ಲೇ ನನ್ನ ಕಾಲ ಹತ್ತಿರ ಕೂತು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು, ಸಿನಿಮಾ ನೋಡೇ ಅಂದರೆ ನೋಡ್ತಾ ಇದ್ದೀನಪ್ಪ ಅನ್ನುತ್ತಿದ್ದಳು.

ಕತ್ತಲಲ್ಲಿ ಯಾರೋ ಬಿಕ್ಕಿದರು, ಬಲಗಡೆ, ಆರನೇ ಸಾಲು, ತುದಿಯ ಸೀಟು, ಇನ್ನೊಬ್ಬರು, ಮತ್ತೊಬ್ಬರು, ಮಗಳು ಗೆದ್ದಳು, ಇದನ್ನು ಹೇಳುವುದಕ್ಕೆ ಅವಳ ಮುಖ ನೋಡಬೇಕು, ಹೇಗೆ ನೋಡಲಿ, ಕೈ ತಾನೇ ಬಾಗಿಲಿನ ಸರಳನ್ನು ತಳ್ಳಿತು, ಬಿಸಿಲು ಕಣ್ಣಿಗೆ ಹೊಡೆಯಿತು, ಮೆಟ್ಟಿಲ ಮೇಲಿಂದ ಅವಳು ತಿರುಗಿದಳು, ಬಾಗಿಲು ತೆಗೆದದ್ದು ಕೇಳಿಸಿರಬೇಕು, ತುಟಿಯಲ್ಲಿ ರಕ್ತವಿಲ್ಲ, ಅಪ್ಪಾ, ಯಾರು ಎದ್ದು ಬಂದ್ರು — ನಾನು ಅಂದೆ, ಬೇರೆ ಯಾರೂ ಇಲ್ಲಮ್ಮ, ನಾನೇ, ಅವಳು ಪಕ್ಕಕ್ಕೆ ಸರಿದು ಮೆಟ್ಟಿಲಲ್ಲಿ ದಾರಿ ಬಿಟ್ಟಳು, ಇಳಿದು ನಡೆದೆ, ಆ ಶುಕ್ರವಾರ ಬೆಳಗಿನ ಆಟದಲ್ಲಿ ನಡುವೆ ಎದ್ದು ಹೋದವನು ಬಾಗಿಲಿನವನೊಬ್ಬನೇ, ಬೀದಿಯಲ್ಲಿ ಜನ, ಬಿಸಿಲು, ಕಣ್ಣ ಮುಂದೆ ಮಾತ್ರ ಆ ಗೋಡೆ, ಗೋಡೆಗೆ ಲೋಟ, ಟಕ್, ಮತ್ತೆ ಲೋಟ, ಆ ಕೈ, ಲೋಟ