ಬಾಯಿಗೆ ಬೀಗ

ಪರದೇಶಕ್ಕೆ ಬಂದ ಮೇಲೆ ಮಗಳಿಗಾಗಿ ನಾನು ಮೆಟ್ಟಿಲು ಹತ್ತಿದ ಐದನೆಯ ಶಾಲೆಯಿದು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಸಂದರ್ಶನಕ್ಕೆ ಕೂತರೆ ತುಟಿ ಪಿಟಕ್ಕೆನ್ನುವುದಿಲ್ಲ. ಎಲ್ಲ ಕಡೆಯೂ ಸೀಟು ಕೈತಪ್ಪಿತ್ತು.

ಇಂದೂ ಮುಖ್ಯೋಪಾಧ್ಯಾಯಿನಿ ಒಂದು ಚಿತ್ರ ತೋರಿಸಿ ಇದೇನೆಂದು ಕೇಳಿದರು. ಮಗಳು ಬೂಟಿನ ಲೇಸು ನೋಡುತ್ತ ಕೂತಳು. ತಡೆಯಲಾರದೆ ನಾನೇ “ಕೊಡೆ” ಎಂದುಬಿಟ್ಟೆ.

“ಸೀಟು ಬೇಕಾಗಿರೋದು ಮಗುವಿಗಾ, ನಿಮಗಾ?” ಎಂದು ಆಕೆ ಎದ್ದು ಬಾಗಿಲು ತೆರೆದರು.

ಬಸ್‌ಸ್ಟಾಪಿನಲ್ಲಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿದವು. “ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೇ? ಇನ್ನು ಒಂದೇ ಶಾಲೆ ಉಳಿದಿರೋದು.”

ಅವಳ ಮುಖ ಅರಳಿತು. “ಎಲ್ಲೂ ಸೀಟು ಸಿಗದಿದ್ರೆ ಊರಿಗೇ ವಾಪಸ್ ಹೋಗೋಣ ಅಂತ ಅಪ್ಪ ಹೇಳಿದ್ರಲ್ಲ?” ಎಂದು ನನ್ನ ಕೈ ಹಿಡಿದುಕೊಂಡಳು. “ಆ ಶಾಲೇಲಿ ನೀನೂ ಬಾಯಿ ಬಿಡ್ಬೇಡಮ್ಮ.”